‘ತೆಗೀರಿ’ ಅಂದರೆ ಯಾವ ತೆಗೆಯೋದು?

ಬೆಳಗಿನ ಐದೂ ಮುಕ್ಕಾಲು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ಹಾಲಿನ ಚೀಲ ಇನ್ನೂ ಬಾಗಿಲ ಹಿಡಿಗೆ ತೂಗಾಡುತ್ತಿದೆ. ಒಳಗೆ, ದೇವರ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ರಿಪೇರಿಗೆ ಬಂದಿರುವ ಲತಾ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕಂಪ್ಯೂಟರಿನ ಪೆಟ್ಟಿಗೆಗೆ ಅಂಗೈ ಒತ್ತಿದ್ದಾರೆ. ಮಗುವಿಗೆ ಜ್ವರ ಇದೆಯೋ ಇಲ್ಲವೋ ಎಂದು ನೋಡುವ ಹಾಗೆ. ಪೆಟ್ಟಿಗೆಯೊಳಗಿನ ಫ್ಯಾನು ಒಂದೇ ಸಮ ಬೊಬ್ಬೆ ಹೊಡೆಯುತ್ತಿದೆ.

“ನೀವು ಇದಕ್ಕೆ ಒಂದು ಕೆಲಸಾನೂ ಕೊಟ್ಟಿಲ್ಲ ಸಾರ್. ಆದ್ರೂ ಏದುಸಿರು ಬಿಡ್ತಾ ಇದೆ ನೋಡಿ. ಒಳಗೆ ಯಾರೋ ಕೂತ್ಕೊಂಡು ದುಡೀತಾ ಇದಾರೆ” ಎನ್ನುತ್ತಾರೆ ಲತಾ.

ಹಿಂದೆ ಕೈಕಟ್ಟಿ ನಿಂತಿರುವ ಲಕ್ಷ್ಮೀಪತಿಯವರು ನಿವೃತ್ತ ಹೆಡ್‌ಮಾಸ್ಟರು. ಶಿಸ್ತಿಲ್ಲದ್ದನ್ನು ಕಂಡರೆ ಈಗಲೂ ಆಗುವುದಿಲ್ಲ. “ಆನ್ ಮಾಡಿ, ಸ್ನಾನ ಸಂಧ್ಯಾವಂದನೆ ಎಲ್ಲ ಮುಗಿಸಿ ಬಂದ್ರೂ ಆ ಚಕ್ರ ತಿರುಗ್ತಾನೇ ಇರುತ್ತೆ ಮೇಡಂ. ಅಂಗಡಿಯವ್ನು ಹೊಸದು ತಗೊಳ್ಳಿ ಅಂದ. ನಾನೂ ಹಳಬನೇ, ನನ್ನನ್ನೂ ಬದಲಾಯಿಸ್ತೀಯೇನಪ್ಪಾ ಅಂದೆ” ಎಂದು ದೂರು ಕೊಡುತ್ತಾರೆ.

ಅವರ ಹೆಂಡತಿ ಸೀತಮ್ಮ ಕಾಫಿ ಲೋಟ ಹಿಡಿದು ಬಂದು, ನಿನ್ನೆ ಫೋನಿನಲ್ಲಿ ಆದ ಫಜೀತಿಯನ್ನು ತಾವೇ ಹೇಳಿಕೊಂಡು ನಗುತ್ತಾರೆ. ‘ಅಮ್ಮಾ, ಮನೇಲಿ ಸಿಂಕ್ ಏನಾದ್ರೂ ಹಾಕಿಸಿದೀರಾ?’ ಎಂದು ಲತಾ ಕೇಳಿದ್ದಕ್ಕೆ ಅವರು, ‘ಹೋದ ವರ್ಷಾನೇ ಸ್ಟೀಲಿಂದು ಹಾಕಿಸಿದ್ವಲ್ಲಾ, ನೀರು ಸರಾಗವಾಗಿ ಹೋಗುತ್ತೆ’ ಎಂದಿದ್ದರಂತೆ.

ಲತಾ ಕೇಳಿದ್ದು ಪಾತ್ರೆ ತೊಳೆಯುವ ಸಿಂಕಲ್ಲ. ಫೋನಿನಲ್ಲಿರುವುದನ್ನು ಕಂಪ್ಯೂಟರಿಗೂ ಕಂಪ್ಯೂಟರಿನಲ್ಲಿರುವುದನ್ನು ಫೋನಿಗೂ ತಾನೇ ತಾನಾಗಿ ಸಾಗಿಸಿ ಎರಡನ್ನೂ ಒಂದೇ ಥರ ಇಡುವ ಸಿಂಕ್. ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಕಂಪ್ಯೂಟರ್ ನಿಧಾನ ಎಂದು ಬರುವ ಹತ್ತು ದೂರುಗಳಲ್ಲಿ ನಾಲ್ಕು ಇದರದ್ದೇ ಎನ್ನುತ್ತಾರೆ ಅವರು. ಇಲ್ಲೂ ಅದೇ. ಮಗಳು ಬಂದಾಗ ಒಂದು ಸಿಂಕ್ ಹಾಕಿಕೊಟ್ಟಿದ್ದಾಳೆ, ಹೊಸ ಫೋನು ಕೊಂಡಾಗ ಅದರ ಜೊತೆಗೇ ಇನ್ನೊಂದು ಬಂದು ಕೂತಿದೆ. ಎರಡರ ಕಣ್ಣೂ ಒಂದೇ ಫೋಲ್ಡರಿನ ಮೇಲೆ. ಅದರಲ್ಲಿ ಮೂವತ್ತೆಂಟು ಸಾವಿರ ಚಿತ್ರಗಳಿವೆ. ಅರ್ಧಕ್ಕರ್ಧ ಗುಲಾಬಿ ಹೂವಿನ ಶುಭೋದಯಗಳು.

“ಅತ್ತೆ ಮೇಲೆ ಎತ್ತಿಟ್ಟಿದ್ದನ್ನ ಸೊಸೆ ಕೆಳಗೆ ಇಳಿಸೋದು, ಸೊಸೆ ಇಳಿಸಿದ್ದನ್ನ ಅತ್ತೆ ಮತ್ತೆ ಮೇಲೆ ಎತ್ತಿಡೋದು. ಇಡೀ ದಿನ ಇದೇ ಆದ್ರೆ ಅಡುಗೆ ಆಗೋದು ಯಾವಾಗ?” ಲತಾ ಎರಡನ್ನೂ ತಡೆದು ನಿಲ್ಲಿಸುತ್ತಾರೆ. ಅರೆಗಳಿಗೆಯಲ್ಲಿ ಫ್ಯಾನಿನ ಬೊಬ್ಬೆ ಇಳಿಯುತ್ತದೆ. ಸೀತಮ್ಮನವರ ಕುಕ್ಕರಿನ ಸದ್ದು ಈಗ ಕೇಳಿಸುತ್ತದೆ.

“ಹಾಗಾದ್ರೆ ಒಂದನ್ನ ತೆಗೆದುಬಿಡಿ” ಎನ್ನುತ್ತಾರೆ ಹೆಡ್‌ಮಾಸ್ಟರು.

ಮೌಸಿನ ಮೇಲಿದ್ದ ಲತಾ ಅವರ ಕೈ ಅಲ್ಲೇ ನಿಲ್ಲುತ್ತದೆ. ತಿರುಗಿ ನೋಡಿ, “ತೆಗೆಯೋದು ಅಂದ್ರೆ ಯಾವ ತೆಗೆಯೋದು ಸಾರ್? ಬಾಗಿಲು ತೆಗೆಯೋದಾ, ಕಸ ತೆಗೆಯೋದಾ?” ಎಂದು ಕೇಳುತ್ತಾರೆ.

ನಲವತ್ತು ವರ್ಷ ಪಾಠ ಹೇಳಿದವರಿಗೆ ಈ ಪ್ರಶ್ನೆ ತಮಾಷೆಯಾಗಿ ಕಾಣುತ್ತದೆ. “ಕಸ ತೆಗೆಯೋದೇ ಮೇಡಂ” ಎಂದು ನಗುತ್ತಾರೆ. ಲತಾ ನಗುವುದಿಲ್ಲ. ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಯಾವುದನ್ನು ತೆಗೆಯುತ್ತಿದ್ದೇನೆ, ಫೋನಿನಲ್ಲಿ ಅದರ ಪ್ರತಿ ಇದೆಯೇ, ನೋಡಿದವರು ಯಾರು ಎಂದು ಬರೆದು ಲಕ್ಷ್ಮೀಪತಿಯವರ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆಯೇ ಬೆರಳು ಒತ್ತುವುದು.

ಹನ್ನೊಂದು ತಿಂಗಳ ಹಿಂದೆ ಈ ನೋಟ್‌ಬುಕ್ ಇರಲಿಲ್ಲ. ಇದ್ದಿದ್ದರೆ ಮಾರೇನಹಳ್ಳಿಯ ಒಂದು ಮನೆಯಲ್ಲಿ ನಲವತ್ತಮೂರು ಹಾಡುಗಳು ಇಂದಿಗೂ ಪೂರ್ತಿ ಇರುತ್ತಿದ್ದವು. ಆ ಮನೆಯಿಂದಲೇ ನಿನ್ನೆ ಸಂಜೆ ಲತಾ ಅವರ ಫೋನಿಗೆ ಒಂದು ಸಾಲು ಬಂದಿದೆ: ಕಂಪ್ಯೂಟರ್ ತುಂಬ ನಿಧಾನ, ಎಂಟು ಗಂಟೆಗೆ ಬರ್ತೀರಾ. ಬರ್ತೀನಿ ಎಂದು ಒಂದೇ ಪದದ ಉತ್ತರ ಬರೆಯಲು ಅವರಿಗೆ ಒಂದು ತಾಸು ಹಿಡಿಯಿತು.

ಲತಾ ಅವರಿಗೆ ಈಗ ನಲವತ್ತೊಂಬತ್ತು. ಮನೆ ದೀಪಾಂಜಲಿ ನಗರದಲ್ಲಿ. ಗಂಡ ಆನಂದ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ವಿಜಯನಗರದ ಓಣಿಯೊಂದರ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲತಾ ಹದಿನಾರು ವರ್ಷ ಕಲಿಸಿದರು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಬರುತ್ತಿದ್ದ ಹುಡುಗಿಯರ ಬೆರಳು ಕೀಲಿಗಳ ಮೇಲೆ ಕೂರಿಸಿದ್ದು ಲೆಕ್ಕವಿಲ್ಲ. ಕಂಪ್ಯೂಟರ್ ಮನೆಮನೆಗೂ ಬಂದ ಮೇಲೆ ಇನ್‌ಸ್ಟಿಟ್ಯೂಟಿಗೆ ಬರುವವರು ಕಡಿಮೆಯಾದರು, ಕೊರೊನಾ ವರ್ಷ ಬೀಗವೇ ಬಿತ್ತು. ಆಗ ಹಳೆಯ ವಿದ್ಯಾರ್ಥಿನಿಯರ ಅಮ್ಮಂದಿರೇ ಒಬ್ಬೊಬ್ಬರಾಗಿ ಫೋನು ಮಾಡತೊಡಗಿದರು: ಮೇಡಂ, ಆನ್‌ಲೈನ್ ಕ್ಲಾಸು, ಕಂಪ್ಯೂಟರ್ ಏಳ್ತಾನೇ ಇಲ್ಲ, ಸ್ವಲ್ಪ ನೋಡ್ತೀರಾ. ನೋಡಲು ಹೋದ ಲತಾ ಅದೇ ದಾರಿ ಹಿಡಿದರು.

ಜನ ಆಫೀಸಿಗೆ ಹೊರಡುವ ಮುಂಚೆ ಕಂಪ್ಯೂಟರೂ ಮನುಷ್ಯರೂ ಒಟ್ಟಿಗೆ ಸಿಗುತ್ತಾರೆಂದು ಅವರ ದಿನ ಐದೂವರೆಗೆ ಶುರು. ಒಂಬತ್ತೂವರೆಯೊಳಗೆ ಮೂರು ಮನೆ, ಸಂಜೆ ಇನ್ನೆರಡು. ಹನ್ನೊಂದು ವರ್ಷದ ಸ್ಕೂಟರು ದಿನಕ್ಕೆ ಮೂವತ್ತು ಕಿಲೋಮೀಟರು ಓಡುತ್ತದೆ, ಕೆಂಗೇರಿ ಕಡೆ ಹೋದ ದಿನ ನಲವತ್ತೈದು. ಕಂಪ್ಯೂಟರ್ ಕೋಣೆ ಯಾವಾಗಲೂ ಮೇಲಿನ ಮಹಡಿಯಲ್ಲೇ ಯಾಕಿರುತ್ತದೋ ಆ ದೇವರಿಗೇ ಗೊತ್ತು ಎನ್ನುವುದು ಅವರ ಮಂಡಿಗಳ ತಕರಾರು. ರಿಪೇರಿಗೆ ಬಂದದ್ದು ಹೆಂಗಸು ಎಂದು ನೋಡಿ, ‘ನಿಮ್ಮೆಜಮಾನ್ರು ಬರ್ಲಿಲ್ವಾ?’ ಎಂದು ಕೇಳಿದವರೂ ಇದ್ದಾರೆ. “ಅವ್ರನ್ನೂ ಕರೀಬೋದು, ಆದ್ರೆ ನಿಮ್ಮನೇಲಿ ಬಸ್ಸಿರ್ಬೇಕು ಅಂತೀನಿ” ಎಂದು ಲತಾ ಮೆಲ್ಲಗೆ ನಗುತ್ತಾರೆ.

ಮಾರೇನಹಳ್ಳಿಯ ಹನುಮಂತಯ್ಯನವರದು ಊರು ಊರಾಗಿದ್ದಾಗಿನ ಮನೆತನ. ಹೊಲ ಗದ್ದೆಗಳ ಮೇಲೆ ಅಂಗಡಿ ಸಾಲು ಎದ್ದಿದೆ, ಮನೆ ಮೂರಂತಸ್ತಾಗಿದೆ. ಅವರ ಮಗಳು ಕವನಾ ರಜೆಯಲ್ಲಿ ಲತಾ ಬಳಿ ಟೈಪಿಂಗ್ ಕಲಿತವಳು, ಈಗ ಪೀಣ್ಯದ ಕಂಪನಿಯೊಂದರಲ್ಲಿ ಕೆಲಸ. ಅಜ್ಜಿ ಪಾಪಮ್ಮ ಇದ್ದಾಗ, ನಸುಕಿನಲ್ಲಿ ಹೂ ಬಿಡಿಸುತ್ತ ಕೂತು ಸೋಬಾನೆ ಪದ ಹೇಳುತ್ತಿದ್ದರು. ಬರಹ ಬಾರದ ಆ ಜೀವದ ಬಾಯಿಂದ ಮೊಮ್ಮಗಳು ಎರಡು ವರ್ಷದಲ್ಲಿ ನಲವತ್ತಮೂರು ಪದ ಫೋನಿಗೆ ತುಂಬಿಕೊಂಡಳು. ಫೋನು ಕಳೆದರೆ ಗತಿಯೇನು ಎಂದು ಹೆದರಿ ಲತಾ ಅವರನ್ನು ಕರೆಸಿ ಸಿಂಕ್ ಹಾಕಿಸಿಕೊಂಡಳು. ಮನೆಯ ವೈಫೈ ಸಿಕ್ಕೊಡನೆ ಫೋನೂ ಕಂಪ್ಯೂಟರೂ ತಮ್ಮತಮ್ಮಲ್ಲೇ ಸರಿಮಾಡಿಕೊಳ್ಳುವ ಸಿಂಕ್.

“ಇನ್ನು ಭಯ ಇಲ್ಲ ಕಣೇ, ಎರಡು ಕಡೆ ಇರುತ್ತೆ ಅಂತ ನಾನೇ ಹೇಳಿದ್ದೆ. ಈ ಬಾಯಲ್ಲೇ” ಎನ್ನುತ್ತಾರೆ ಲತಾ.

ಪಾಪಮ್ಮ ತೀರಿಕೊಂಡರು. ಮೂರು ತಿಂಗಳಾದ ಮೇಲೆ ಕಂಪ್ಯೂಟರ್ ನಿಧಾನವಾಯಿತು, ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ಲತಾ ಬೆಳಿಗ್ಗೆ ಎಂಟಕ್ಕೆ ಹೋದಾಗ ಕವನಾ ಆಗಲೇ ಮೆಟ್ರೋಗೆ ಹೊರಟಿದ್ದಳು. ಫೋನಿನಲ್ಲೇ ಮಾತಾಯಿತು. ಯಾವ ಫೋಲ್ಡರ್ ಭಾರ, ಯಾವುದು ಬೇಕು, ಯಾವುದು ಬೇಡ. ಹಳೆ ಸಿನಿಮಾ ತೆಗೀರಿ ಅಂದಳು, ತೆಗೆದರು. ಕಾಲೇಜಿನ ಪ್ರಾಜೆಕ್ಟ್ ತೆಗೀರಿ ಅಂದಳು, ತೆಗೆದರು. ಆಮೇಲೆ, “ಆಂಟಿ, ಅಜ್ಜಿ ಫೋಲ್ಡರ್ ತೆಗೀರಿ, ಅದರಲ್ಲಿ...” ಎನ್ನುವಷ್ಟರಲ್ಲಿ ರೈಲು ಮೆಜೆಸ್ಟಿಕ್ಕಿನ ಸುರಂಗಕ್ಕೆ ಇಳಿಯಿತು. ಮಾತು ಕಡಿಯಿತು.

ಕನ್ನಡದಲ್ಲಿ ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಸಾವಿರ ಸಲ ಆಡಿದ್ದರೂ ಆ ಮಾತು ಯಾರಿಗೂ ಕೇಡು ಮಾಡಿರಲಿಲ್ಲ. ಕವನಾ ಹೇಳಿದ್ದು ಫೋಲ್ಡರ್ ತೆರೆದು ನೋಡಿ, ಹಸೆಗೆ ಕರೆಯುವ ಪದ ಅದರಲ್ಲಿ ಭದ್ರವಾಗಿದೆಯಾ ಎಂದು. ಮದುಮಗಳನ್ನು ಹಸೆಮಣೆಗೆ ಕರೆಯುವ ಆ ಪದವನ್ನು ತನ್ನ ಮದುವೆಯ ದಿನ ಅಜ್ಜಿಯ ದನಿಯಲ್ಲೇ ಹಾಕಿಸಬೇಕು ಎನ್ನುವುದು ಅವಳ ಆಸೆ. ಲತಾ ಕೇಳಿಸಿಕೊಂಡದ್ದು ಸಿನಿಮಾ, ಪ್ರಾಜೆಕ್ಟುಗಳ ಸಾಲಿನಲ್ಲಿ ಮೂರನೆಯ ತೆಗೆಯೋದು. ಫೋನಿನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡರು. ಜಾಗ ಬೇಕಿತ್ತು, ಕಸದ ಬುಟ್ಟಿಗೂ ಹಾಕದೆ ನೇರವಾಗಿ ಅಳಿಸಿದರು. ಆಮೇಲೆ ಎರಡು ತಾಸು ಡಿಸ್ಕನ್ನು ಒಪ್ಪಮಾಡಿ, ಹೊಸ ಅಪ್‌ಡೇಟ್ ತುಂಬಿ, ಕಂಪ್ಯೂಟರನ್ನು ಬಾಣದ ಹಾಗೆ ಓಡುವಂತೆ ಮಾಡಿ, ಹನುಮಂತಯ್ಯನವರ ಹೊಗಳಿಕೆ ಕೇಳಿಕೊಂಡು ಮನೆಗೆ ಬಂದರು.

ಸಿಂಕ್ ಎಂದರೆ ಕಟ್ಟಿಟ್ಟ ಗಂಟಲ್ಲ, ಕನ್ನಡಿ. ಈಗ ಲತಾ ಎಲ್ಲ ಮನೆಗಳಲ್ಲೂ ಇದನ್ನೇ ಹೇಳುತ್ತಾರೆ: “ಹಣೆ ಮೇಲಿನ ಕುಂಕುಮ ಅಳಿಸಿದ್ರೆ ಕನ್ನಡೀಲಿ ಉಳಿಯುತ್ತಾ?” ಆದರೆ ಆ ಕನ್ನಡಿ ಅಂದು ತಡವಾಗಿ ನೋಡಿತು. ಇದೇ ಅವರ ಎದೆಗೆ ಮುಳ್ಳಾಗಿ ಉಳಿದಿರುವುದು. ಕವನಾಳ ಫೋನು ಮನೆಯ ವೈಫೈಗೆ ಸೇರುವವರೆಗೂ ಹಾಡುಗಳು ಅದರಲ್ಲಿದ್ದವು. ದಿನವಿಡೀ ಅವಳ ಕೈಚೀಲದಲ್ಲಿ ಪೀಣ್ಯ ಸುತ್ತಿದವು, ಕ್ಯಾಂಟೀನಿನಲ್ಲಿ ಮೇಜಿನ ಮೇಲಿದ್ದವು, ಸಂಜೆ ಮೆಟ್ರೋದಲ್ಲಿ ಅವಳ ಜೊತೆಗೇ ನಿಂತು ಬಂದವು. ಏಳು ಗಂಟೆಗೆ ಅವಳು ಮನೆಯ ಗೇಟು ತೆರೆದಳು. ಫೋನು ವೈಫೈ ಹಿಡಿಯಿತು. ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು ಎಂಬ ನಿಯಮದಂತೆ ಸಿಂಕ್ ತನ್ನ ಕೆಲಸ ಮಾಡಿತು. ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಎಂಟೂವರೆಗೆ ಕಾಲ್ ಕಟ್ಟಾಯ್ತು. ಏಳು ಗಂಟೆವರೆಗೆ ಟೈಮಿತ್ತು ನಂಗೆ. ಒಂದೇ ಒಂದು ಸಲ ತಿರುಗಿ ಮಾಡಿ, ಏನಂದೆ ಕವನಾ, ಕೇಳಿಸ್ಲಿಲ್ಲ ಅನ್ಬೋದಿತ್ತು. ಮಾಡ್ಲಿಲ್ಲ. ಕೆಲಸ ಗೊತ್ತಿರೋಳು ಅನ್ನೋ ಜಂಬ” ಎನ್ನುತ್ತಾರೆ ಲತಾ. ಸ್ಕೂಟರಿನ ಕನ್ನಡಿಯ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಾರೆ. ಆ ಸಂಜೆ ಫೋನಿನಲ್ಲಿ ಕವನಾ ಅತ್ತಿದ್ದನ್ನು ಕೇಳಿಸಿಕೊಂಡ ಕಿವಿಗೆ ಇನ್ನೂ ಸಮಾಧಾನವಿಲ್ಲ.

ಅಳಿಸಿದ್ದು ಕೂಡಲೇ ಮಾಯವಾಗುವುದಿಲ್ಲ, ಅದರ ಮೇಲೆ ಹೊಸದು ಬರೆಯುವವರೆಗೆ ಡಿಸ್ಕಿನಲ್ಲೇ ಬಿದ್ದಿರುತ್ತದೆ. ಲತಾ ಅದನ್ನು ಬಲ್ಲವರು. ಬಲ್ಲವರೇ ಅಂದು ಎರಡು ತಾಸು ಅದರ ಮೇಲೆ ಹೊಸದನ್ನು ತುಂಬಿದ್ದರು. ಮಾರನೆಯ ದಿನವೇ ಡಿಸ್ಕು ಬಿಚ್ಚಿ ತಂದು, ಅದರ ಪೂರ್ತಿ ನಕಲೊಂದನ್ನು ಮಾಡಿಟ್ಟುಕೊಂಡು, ಆರು ವಾರ ಕೆದಕಿದರು. ಮೂವತ್ತೊಂದು ಪದ ಪೂರ್ತಿ ಬಂದವು. ಏಳು ಅರೆಬರೆ. ಐದು ಬರಲೇ ಇಲ್ಲ, ಆ ಐದರಲ್ಲಿ ಹಸೆಯ ಪದವೂ ಒಂದು. ಸಿಕ್ಕಿದ್ದನ್ನು ಒಯ್ದು ಕೊಟ್ಟಾಗ ಹನುಮಂತಯ್ಯ ಬಾಗಿಲಲ್ಲೇ ಇಸಿದುಕೊಂಡರು. ಕವನಾ ಹೊರಗೆ ಬರಲಿಲ್ಲ.

ಲತಾ ಅಲ್ಲಿಗೇ ಬಿಡಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಆ ನಕಲಿನ ಮುಂದೆ ಒಂದು ತಾಸು ಕೂರುತ್ತಾರೆ. ಆನಂದ್ ಒಮ್ಮೆ ತಡೆಯಲಾರದೆ, “ಬಿಚ್ಚಿದ ಬೋಲ್ಟು ಕಳೆದ್ರೆ ಸ್ಟೋರಿಂದ ಇನ್ನೊಂದು ತಂದು ಹಾಕ್ತೀವಿ ಕಣೇ. ಇದಕ್ಕೆ ಯಾವ ಸ್ಟೋರಿಗೆ ಹೋಗ್ತೀಯಾ?” ಎಂದಿದ್ದರು. ಆದರೆ ಹೋದ ತಿಂಗಳು, ಯಾವುದೋ ಅಪ್‌ಡೇಟಿನ ಚೂರುಗಳ ನಡುವೆ, ಹಸೆಯ ಪದದ ಮೂವತ್ತೆಂಟು ಸೆಕೆಂಡಿನ ಒಂದು ತುಂಡು ಸಿಕ್ಕಿದೆ. ನಾಲ್ಕು ನಿಮಿಷದ ಪದದಲ್ಲಿ ಮೂವತ್ತೆಂಟು ಸೆಕೆಂಡು. ಇಷ್ಟನ್ನು ಹಿಡಿದುಕೊಂಡು ಯಾವ ಮುಖದಲ್ಲಿ ಹೋಗುವುದು ಎಂದು ಅದನ್ನು ತುಂಬಿದ ಪೆನ್‌ಡ್ರೈವ್ ಚೀಲದ ಒಳಜೇಬಿನಲ್ಲೇ ಉಳಿದಿದೆ. ಕವನಾಳ ಮದುವೆಗೆ ಇನ್ನು ಒಂಬತ್ತೇ ದಿನ.

ಎಂಟಕ್ಕೆ ಐದು ನಿಮಿಷವಿರುವಾಗ ಸ್ಕೂಟರು ಮಾರೇನಹಳ್ಳಿಯ ಮನೆಯ ಮುಂದೆ ನಿಲ್ಲುತ್ತದೆ. ಗೇಟಿಗೆ ಆಗಲೇ ಹೊಸ ಬಣ್ಣ. ಬಾಗಿಲು ತೆರೆದವಳು ಕವನಾ. “ಬನ್ನಿ ಆಂಟಿ” ಎನ್ನುತ್ತಾಳೆ, ಅಷ್ಟೇ. ಹಿಂದಿನ ಹಾಗೆ ಕೈಯಿಂದ ಚೀಲ ಇಸಿದುಕೊಳ್ಳುವುದಿಲ್ಲ.

ಲತಾ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪೆಟ್ಟಿಗೆ ಕೆಂಡದ ಹಾಗೆ ಕಾದಿದೆ. ತೆರೆದು ನೋಡಿದರೆ ಒಂದಲ್ಲ, ಎರಡಲ್ಲ, ಮೂರು ಸಿಂಕ್‌ಗಳು ಅಜ್ಜಿಯ ಫೋಲ್ಡರಿನ ಸುತ್ತ ಗಾಣದೆತ್ತಿನಂತೆ ಸುತ್ತುತ್ತಿವೆ.

“ಮೂರು ಯಾಕಮ್ಮ?”

“ಭಯಕ್ಕೆ” ಎನ್ನುತ್ತಾಳೆ ಕವನಾ. “ಒಂದು ಹೋದ್ರೆ ಇನ್ನೊಂದಿರ್ಲಿ ಅಂತ.”

ಲತಾ ತಲೆ ತಗ್ಗಿಸಿಕೊಂಡೇ ಕೆಲಸ ಮಾಡುತ್ತಾರೆ. ಆ ಭಯವನ್ನು ಈ ಮನೆಗೆ ತಂದಿಟ್ಟವರು ತಾವೇ ಎಂಬುದು ಗೊತ್ತಿರುವ ಕೈಗಳು ಎಂದಿಗಿಂತ ನಿಧಾನ. ಮೊದಲು ಮೂವತ್ತೆಂಟು ಪದಗಳನ್ನೂ ಒಂದು ಬಿಡಿ ಡಿಸ್ಕಿಗೆ ನಕಲು ಮಾಡಿ, ಒಂದೊಂದನ್ನೂ ಹಾಕಿ ಕೇಳಿ, ತಂತಿ ಕಿತ್ತು ಹನುಮಂತಯ್ಯನವರ ಕೈಗೆ ಕೊಡುತ್ತಾರೆ. “ಅಣ್ಣ, ಇದು ಕನ್ನಡಿ ಅಲ್ಲ, ಗಂಟು. ಯಾವುದಕ್ಕೂ ಚುಚ್ಚಿಡ್ಬೇಡಿ, ಬೀರೂಲಿ ಇಡಿ.” ಆಮೇಲೆ ನೋಟ್‌ಬುಕ್, ಸಹಿ. ಎರಡು ಸಿಂಕ್ ಹೋಗುತ್ತವೆ. ಉಳಿದ ಒಂದಕ್ಕೆ, ಫೋನಿನಿಂದ ತಂದು ಇಡುವುದಷ್ಟೇ ನಿನ್ನ ಕೆಲಸ, ಅಳಿಸುವುದು ನಿನ್ನದಲ್ಲ ಎಂದು ಕಟ್ಟುಹಾಕುತ್ತಾರೆ. ಫ್ಯಾನು ಸುಮ್ಮನಾಗುತ್ತದೆ.

ಕೆಲಸ ಮುಗಿಯಿತು. ಏಳಬೇಕು. ಲತಾ ಏಳುವುದಿಲ್ಲ. ಒಳಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟು, “ಕವನಾ, ಹಸೆ ಪದ ಸ್ವಲ್ಪ ಸಿಕ್ತು. ಸ್ವಲ್ಪಾನೇ. ಮುಂಚೇನೇ ಹೇಳೋಕೆ ಧೈರ್ಯ ಬರ್ಲಿಲ್ಲ” ಎನ್ನುತ್ತಾರೆ.

ಕವನಾ ತಾನೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, “ತೆಗೀರಿ ಆಂಟಿ” ಎನ್ನುತ್ತಾಳೆ.

ಲತಾ ಅವರ ಬೆರಳು ಅಲ್ಲಾಡುವುದಿಲ್ಲ. “ಯಾವ ತೆಗೆಯೋದು ಕವನಾ?”

“ಬಾಗಿಲು ತೆಗೆಯೋದು ಆಂಟಿ.”

ಮೊದಲು ಹೂಬುಟ್ಟಿ ಸರಿಸಿದ ಸದ್ದು. ಆಮೇಲೆ ಪಾಪಮ್ಮನ ದನಿ, ಸ್ವಲ್ಪ ನಡುಗುತ್ತ, ನಸುಕಿನ ತಂಪಿನೊಂದಿಗೆ:

ಎದ್ದು ಬಾರೆ ಹಸೆಗೆ, ನಿದ್ದೆಗಣ್ಣಿನ ಮಗಳೆ,
ಕದ್ದು ನೋಡ್ಯಾನು ಗಂಡು ಕಂಬದ ಮರೆಯಿಂದ,
ಗದ್ದೆ ಬದುವಿನ ಹೂವ...

ಅಲ್ಲಿಗೆ ನಿಂತಿತು. ಆಮೇಲೆ ಬರೀ ಕರಕರ.

ಬಾಗಿಲಲ್ಲಿ ನಿಂತಿದ್ದ ಹನುಮಂತಯ್ಯ ತುಟಿ ಅಲ್ಲಾಡಿಸುತ್ತಾರೆ. “ಗದ್ದೆ ಬದುವಿನ ಹೂವ... ಆಮೇಲೇನೋ ಇತ್ತು. ಮುಡಿಸಿದ್ರು ಅಂತಿತ್ತೋ, ಬಾಡಿಹೋಯ್ತು ಅಂತಿತ್ತೋ. ಹುಟ್ಟಿದಾಗಿಂದ ಕೇಳಿದೀನಿ ಲತಮ್ಮೋರೆ. ಕಿವಿಗೊಟ್ಟು ಒಂದ್ಸಲಾನೂ ಕೇಳ್ಲಿಲ್ಲ ನೋಡಿ ನಾನು” ಎಂದು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಗದ್ದೆ ಇದ್ದ ಜಾಗದಲ್ಲಿ ಯಾರೋ ಅಂಗಡಿಯ ಶಟರ್ ಎತ್ತುತ್ತಿದ್ದಾರೆ.

ಕವನಾ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳುತ್ತಾಳೆ. ಕ್ಷಮಿಸಿದೆ ಎನ್ನುವುದಿಲ್ಲ. ಲತಾ ಕೇಳುವುದೂ ಇಲ್ಲ. ಕಂಬನಿ ಒರೆಸಿಕೊಂಡು ಅವಳು ಹೇಳುವುದು ಇಷ್ಟೇ: “ಮದುವೆ ದಿನ ಇಷ್ಟನ್ನೇ ಹಾಕ್ತೀನಿ ಆಂಟಿ. ಅರ್ಧಕ್ಕೇ ನಿಂತ್ಹೋಗುತ್ತೆ. ಯಾಕೆ ಅಂತ ಎಲ್ರೂ ಕೇಳ್ತಾರೆ.”

“ಲತಾ ತೆಗೆದ್ಲು ಅಂತ ಹೇಳಮ್ಮ.”

“ಯಾವ ತೆಗೆಯೋದು ಅಂತ ಕೇಳಿದ್ರೆ?”

ಲತಾ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, ಮಂಡಿ ಹಿಡಿದುಕೊಂಡು ಮೆಲ್ಲಗೆ ಏಳುತ್ತಾರೆ. “ಎರಡೂ ನಾನೇ ಅಲ್ವೇನಮ್ಮ.”